ಹಳೆ ಕಾರಿನಲ್ಲಿ ಅದೇ ತೊಂದರೆ ಮತ್ತೆ ಮತ್ತೆ: ಬಿಡಿಭಾಗ ಬದಲಿಸುವ ಮೊದಲು ಕಾರಣ ಹುಡುಕುವ ಬಗೆ

ಹತ್ತು ಹನ್ನೆರಡು ವರ್ಷ ಓಡಿದ ಕಾರನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡವರು ಕಾರು ಆಗಾಗ ಕೆಡುವುದನ್ನು ಸಹಿಸಿಕೊಳ್ಳುತ್ತಾರೆ. ದುಡ್ಡು ಕೊಟ್ಟು ಸರಿ ಮಾಡಿಸಿದ್ದು ಎರಡೇ ತಿಂಗಳಲ್ಲಿ ಮತ್ತೆ ಕೆಟ್ಟಾಗ ಮಾತ್ರ ಅವರ ತಾಳ್ಮೆ ತಪ್ಪುತ್ತದೆ. ಒಬ್ಬರು ವರ್ಷಕ್ಕೊಂದು ಬ್ಯಾಟರಿ ಹಾಕಿಸುತ್ತಾರೆ. ಇನ್ನೊಬ್ಬರು ಪ್ರತಿ ಬೇಸಿಗೆಗೂ ಎಸಿ ಗ್ಯಾಸ್ ತುಂಬಿಸುತ್ತಾರೆ. ಮತ್ತೊಬ್ಬರು ಹೊಸ ರೇಡಿಯೇಟರ್ ಹಾಕಿಸಿದ್ದರೂ ಚಾರ್ಮಾಡಿ ಘಾಟಿ ಹತ್ತುವಾಗ ಟೆಂಪರೇಚರ್ ಮುಳ್ಳು ಮೇಲಕ್ಕೇ ಹೋಗುತ್ತದೆ. ಈ ಮೂರರಲ್ಲೂ ಬದಲಾಗಿರುವುದು ಪೆಟ್ಟು ತಿಂದ ಭಾಗ. ಪೆಟ್ಟು ಕೊಟ್ಟದ್ದು ಕಾರಿನಲ್ಲೇ ಉಳಿದಿದೆ.

ಸುಮಾರು 2006ರಿಂದ 2016ರ ನಡುವೆ ಬಂದ ಸಾಮಾನ್ಯ ಹ್ಯಾಚ್‌ಬ್ಯಾಕ್ ಮತ್ತು ಸೆಡಾನ್ ಕಾರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಲೇಖನ ಬರೆದಿದ್ದೇನೆ. ಕಂಪನಿ ಯಾವುದೇ ಇರಲಿ, ಕಾರಣ ಹುಡುಕುವ ದಾರಿ ಬಹುಮಟ್ಟಿಗೆ ಒಂದೇ.

ಮೊದಲ ಕೆಲಸ: ಒಂದು ನೋಟ್‌ಬುಕ್

ಗ್ಲೋವ್‌ಬಾಕ್ಸಿನಲ್ಲಿ ಒಂದು ಸಣ್ಣ ಪುಸ್ತಕ ಇಡಿ. ತೊಂದರೆ ಬಂದ ಪ್ರತಿ ಸಲವೂ ದಿನಾಂಕ ಮತ್ತು ಕಿಲೋಮೀಟರ್ ಬರೆದು, ಈ ಪ್ರಶ್ನೆಗಳಿಗೆ ಉತ್ತರ ಬರೆಯಿರಿ. ಎಂಜಿನ್ ತಣ್ಣಗಿತ್ತೋ ಬಿಸಿಯಾಗಿತ್ತೋ? ಮಳೆ ಇತ್ತೇ? ಎಸಿ ಹಾಕಿದ್ದಿರಾ? ಟ್ಯಾಂಕಿನಲ್ಲಿ ಇಂಧನ ಎಷ್ಟಿತ್ತು? ಯಾವ ಗೇರ್, ಎಷ್ಟು ವೇಗ? ಡ್ಯಾಶ್‌ಬೋರ್ಡಿನಲ್ಲಿ ಯಾವ ದೀಪ ಹತ್ತಿತು? ಕೊನೆಗೆ ತಾನಾಗಿಯೇ ಸರಿಯಾಯಿತೇ, ಏನಾದರೂ ಮಾಡಿದ ಮೇಲೆ ಸರಿಯಾಯಿತೇ?

ನಾಲ್ಕೈದು ಸಲ ಬರೆದರೆ ಒಂದು ಜಾಡು ಕಾಣತೊಡಗುತ್ತದೆ. ಮಳೆಗಾಲದ ಬೆಳಗ್ಗೆ ಮಾತ್ರ ಮಿಸ್ಸಿಂಗ್ ಆಗುತ್ತಿದ್ದರೆ, ಅಂದರೆ ಎಂಜಿನ್ ತಡವರಿಸಿ ಓಡುತ್ತಿದ್ದರೆ, ಪ್ಲಗ್ಗಿಗೆ ಕಿಡಿಯ ಕರೆಂಟ್ ಕೊಡುವ ಇಗ್ನಿಷನ್ ಕಾಯಿಲ್, ಪ್ಲಗ್ ವೈರ್ ಅಥವಾ ಎಲ್ಲೋ ತೇವ ಹಿಡಿದ ಕನೆಕ್ಟರ್ ಕಡೆ ನೋಡಬೇಕು. ಪೆಟ್ರೋಲ್ ಕಾಲು ಟ್ಯಾಂಕಿಗಿಂತ ಇಳಿದಾಗ, ಅದೂ ಏರಿನಲ್ಲಿ ಪಿಕಪ್ ಹೋಗುತ್ತಿದ್ದರೆ ಟ್ಯಾಂಕಿನೊಳಗಿನ ಪಂಪ್ ಮತ್ತು ಅದರ ಜಾಲರಿಯ ಮೇಲೆ ಅನುಮಾನ. ಎಡಕ್ಕೆ ತಿರುಗಿಸಿದಾಗ ಗುಂಯ್‌ಗುಡುವ ಸದ್ದು ಹೆಚ್ಚಿ ಬಲಕ್ಕೆ ತಿರುಗಿಸಿದಾಗ ಕಡಿಮೆಯಾದರೆ ಸಾಮಾನ್ಯವಾಗಿ ಬಲಗಡೆಯ ವ್ಹೀಲ್ ಬೇರಿಂಗ್. ತಿರುವಿನಲ್ಲಿ ಕಾರಿನ ಭಾರ ಹೊರಗಿನ ಚಕ್ರದ ಮೇಲೆ ಬೀಳುವುದೇ ಇದಕ್ಕೆ ಕಾರಣ. ಗ್ಯಾರೇಜಿಗೆ ಹೋದಾಗ ಬಾರದ ಸದ್ದನ್ನು ಮನೆಯ ಹತ್ತಿರ ಬಂದಾಗಲೇ ರೆಕಾರ್ಡ್ ಮಾಡಿಕೊಳ್ಳಿ. ಫೋನನ್ನು ಪಕ್ಕದಲ್ಲಿ ಕೂತವರ ಕೈಗೆ ಕೊಡಿ, ನೀವು ರಸ್ತೆ ನೋಡಿ. ರಿಪೇರಿ ಬಿಲ್‌ಗಳ ಫೋಟೊ ಕೂಡ ಒಂದೇ ಕಡೆ ಇರಲಿ.

ಕೊಂಡ ಹೊಸದರಲ್ಲಿ: ಎಲ್ಲವನ್ನೂ ಒಂದು ಹಂತಕ್ಕೆ ತನ್ನಿ

ಹಳೆ ಮಾಲೀಕರು "ಎಲ್ಲ ಮಾಡಿಸಿದ್ದೀನಿ" ಎಂದರೂ ಬಿಲ್ ಇಲ್ಲದ್ದನ್ನು ಮಾಡಿಲ್ಲವೆಂದೇ ಲೆಕ್ಕ ಹಾಕಿ. ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್, ಎಂಜಿನ್ ತಣ್ಣಗಿಡುವ ದ್ರವವಾದ ಕೂಲೆಂಟ್ ಬದಲಿಸಿ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಹಾಗಾಗಿ ಎರಡು ವರ್ಷಕ್ಕೊಮ್ಮೆ ಹೊಸದು ಬೇಕು. ಎಂಜಿನ್ನಿಗೆ ಟೈಮಿಂಗ್ ಬೆಲ್ಟ್ ಇದ್ದು ಅದನ್ನು ಯಾವಾಗ ಬದಲಿಸಿದ್ದಾರೆಂದು ಗೊತ್ತಿಲ್ಲದಿದ್ದರೆ ಬೆಲ್ಟನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಸಮೇತ ಬದಲಿಸಿಬಿಡಿ. ಬಹಳಷ್ಟು ಎಂಜಿನ್‌ಗಳಲ್ಲಿ ವಾಟರ್ ಪಂಪ್ ಕೂಡ ಅಲ್ಲೇ ಇರುವುದರಿಂದ ಅದನ್ನೂ ಆಗಲೇ ಹಾಕಿಸುವುದು ಜಾಣತನ, ಕೂಲಿ ಒಂದೇ ಸಲ. ಟೈರಿನ ಬದಿಯಲ್ಲಿರುವ ನಾಲ್ಕಂಕಿ ಓದಿ: 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಟೈರಿನ ಮೇಲ್ಮೈಯ ಗೀರು ಆಳವಾಗಿಯೇ ಇದ್ದರೂ ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟ ಟೈರ್ ಮಳೆಯಲ್ಲಿ ಹಿಡಿತ ಕೊಡುವುದಿಲ್ಲ.

ಎಂಜಿನ್ನಿನ ಹೊರಮೈಯನ್ನೂ ಒರೆಸಿ ಶುಚಿ ಮಾಡಿಸಿ. ಹಳೆ ಜಿಡ್ಡು ಮತ್ತು ಧೂಳು ಕಟ್ಟಿದ ಎಂಜಿನ್ನಿನಲ್ಲಿ ಸೋರಿಕೆ ಎಲ್ಲಿಂದ ಶುರುವಾಗಿದೆ ಎಂದು ಕಾಣುವುದೇ ಇಲ್ಲ. ಶುಚಿಯಾದ ಮೇಲೆ ವಾರದೊಳಗೆ ಆಯಿಲ್ ತನ್ನ ದಾರಿಯನ್ನು ತಾನೇ ತೋರಿಸುತ್ತದೆ. ಪ್ರೆಶರ್ ವಾಟರ್ ಮಾತ್ರ ಕನೆಕ್ಟರ್‌ಗಳ ಮೇಲೆ ಬೀಳದಿರಲಿ.

ಕರೆಂಟಿನ ತೊಂದರೆ: ಬ್ಯಾಟರಿ ಕೊಳ್ಳುವ ಮೊದಲು ಮೂರು ಅಳತೆ

ಕೆಲವು ನೂರು ರೂಪಾಯಿಗೆ ಸಿಗುವ ಡಿಜಿಟಲ್ ಮಲ್ಟಿಮೀಟರ್ ಹಳೆ ಕಾರಿನ ಮಾಲೀಕರ ಕೈಯಲ್ಲಿ ಇರಲೇಬೇಕು. ರಾತ್ರಿಯೆಲ್ಲ ನಿಂತ ಕಾರಿನ ಬ್ಯಾಟರಿಯನ್ನು ಬೆಳಗ್ಗೆ ಅಳೆಯಿರಿ. 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜ್ ಇದೆ. 12.2 ಇದ್ದರೆ ಅರ್ಧ. ಆಮೇಲೆ ಯಾರಿಂದಲಾದರೂ ಸೆಲ್ಫ್ ಹೊಡೆಸಿ ಮೀಟರ್ ನೋಡಿ. ಆ ಹೊತ್ತಿನಲ್ಲಿ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಸೋತಿದೆ, ಇಲ್ಲವೇ ಸ್ಟಾರ್ಟರ್ ಮೋಟಾರ್ ವಿಪರೀತ ಕರೆಂಟ್ ಎಳೆಯುತ್ತಿದೆ. ಎಂಜಿನ್ ಓಡುತ್ತಿರುವಾಗ ಸುಮಾರು 13.8ರಿಂದ 14.5 ಇರಬೇಕು. ಹೆಡ್‌ಲೈಟ್, ಬ್ಲೋವರ್ ಎಲ್ಲ ಹಾಕಿದರೂ ಅದು 13ರ ಕೆಳಗೆ ಬರಬಾರದು. ಕೆಲವು ಮಾದರಿಗಳಲ್ಲಿ ಕಂಪ್ಯೂಟರೇ ಚಾರ್ಜಿಂಗನ್ನು ಏರಿಸಿ ಇಳಿಸುತ್ತದೆ. ಅಂಥ ಕಾರಿನಲ್ಲಿ ಒಂದು ಸಲದ ಅಳತೆ ನಂಬಬೇಡಿ.

ಈ ಮೂರೂ ಸರಿಯಿದ್ದು ಕಾರು ಮಾತ್ರ "ಟಿಕ್" ಎಂದು ಸುಮ್ಮನಾಗುತ್ತಿದ್ದರೆ ಅರ್ಥಿಂಗ್ ನೋಡಿ. ಹಳೆ ಕಾರುಗಳಲ್ಲಿ ನಾನು ಎಲ್ಲಕ್ಕಿಂತ ಮೊದಲು ಶಂಕಿಸುವುದು ಇದನ್ನೇ. ಬ್ಯಾಟರಿಯ ನೆಗೆಟಿವ್‌ನಿಂದ ಕಾರಿನ ಲೋಹದ ಮೈಗೆ, ಅಲ್ಲಿಂದ ಎಂಜಿನ್ನಿಗೆ ಹೋಗುವ ದಪ್ಪ ವೈರು ವರ್ಷಗಟ್ಟಲೆ ತೇವ ಕುಡಿದು ಬೋಲ್ಟಿನ ಬುಡದಲ್ಲಿ ಹಸಿರುಗಟ್ಟಿರುತ್ತದೆ. ಕಣ್ಣಿಗೆ ಚೆನ್ನಾಗಿ ಕಂಡರೂ ಒಳಗೆ ಹುಳುಕು. ಪರೀಕ್ಷೆ ಸುಲಭ: ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದನ್ನು ಎಂಜಿನ್ನಿನ ಬರಿ ಲೋಹಕ್ಕೆ ಒತ್ತಿ ಹಿಡಿದು ಸೆಲ್ಫ್ ಹೊಡೆಸಿ. 0.2, 0.3 ವೋಲ್ಟ್ ತೋರಿಸಿದರೆ ಪರವಾಗಿಲ್ಲ. ಅರ್ಧ ವೋಲ್ಟ್ ದಾಟಿದರೆ ಆ ದಾರಿಯಲ್ಲಿ ತಡೆ ಇದೆ. ಬೋಲ್ಟ್ ಬಿಚ್ಚಿ ವೈರ್ ಬ್ರಷ್‌ನಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿದು, ಮೇಲೆ ವ್ಯಾಸಲಿನ್ ಸವರಿ. ಸಂಬಂಧವೇ ಇಲ್ಲದ ಎರಡು ಮೂರು ದೀಪಗಳು ಡ್ಯಾಶ್‌ಬೋರ್ಡಿನಲ್ಲಿ ಒಟ್ಟಿಗೆ ಹತ್ತುವ ಕಾರುಗಳಲ್ಲೂ ಅನೇಕ ಸಲ ಇದೇ ಮೂಲವಾಗಿರುತ್ತದೆ.

ಎರಡು ದಿನ ನಿಲ್ಲಿಸಿದರೆ ಬ್ಯಾಟರಿ ಡೌನ್ ಆಗುವ ಕಾರಿನ ಕತೆ ಬೇರೆ. ಯಾವುದೋ ಒಂದು ಭಾಗ ಕಾರು ಮಲಗಿದ ಮೇಲೂ ಕರೆಂಟ್ ಕುಡಿಯುತ್ತಿದೆ. ಮೀಟರನ್ನು ಆಂಪಿಯರ್‌ಗೆ ತಿರುಗಿಸಿ ನೆಗೆಟಿವ್ ಕೇಬಲ್ ಮತ್ತು ಕಂಬದ ನಡುವೆ ಜೋಡಿಸಿ, ಬಾಗಿಲು ಮುಚ್ಚಿ ಅರ್ಧ ಗಂಟೆ ಕಾಯಿರಿ. 50 ಮಿಲಿಆಂಪಿಯರ್ ಒಳಗಿದ್ದರೆ ಸಹಜ. ಹೆಚ್ಚಿದ್ದರೆ ಒಂದೊಂದೇ ಫ್ಯೂಸ್ ಕೀಳುತ್ತ ಹೋಗಿ. ಯಾವುದನ್ನು ಕಿತ್ತಾಗ ಸಂಖ್ಯೆ ಬೀಳುತ್ತದೋ ಕಳ್ಳ ಆ ಸಾಲಿನಲ್ಲಿದ್ದಾನೆ. ಮೀಟರ್ ಹೀಗೆ ಜೋಡಿಸಿರುವಾಗ ಸೆಲ್ಫ್ ಹೊಡೆಯಲೇಬಾರದು, ಮೀಟರಿನ ಫ್ಯೂಸ್ ಸುಟ್ಟುಹೋಗುತ್ತದೆ. ಸೆಕೆಂಡ್ ಹ್ಯಾಂಡ್ ಕಾರುಗಳಲ್ಲಿ ಹೆಚ್ಚಾಗಿ ಸಿಕ್ಕಿಬೀಳುವುದು ಹಿಂದಿನ ಮಾಲೀಕರು ಹೊರಗೆ ಹಾಕಿಸಿದ ಸ್ಟೀರಿಯೊ, ಸೆಂಟ್ರಲ್ ಲಾಕ್, ಜಿಪಿಎಸ್ ಟ್ರ್ಯಾಕರ್. ವೈರ್ ಕೊಯ್ದು ಟೇಪ್ ಸುತ್ತಿದ ಜಾಗಗಳನ್ನೆಲ್ಲ ಬಿಚ್ಚಿ ನೋಡುವ ಎಲೆಕ್ಟ್ರಿಷಿಯನ್ ಸಿಕ್ಕರೆ ಅವರನ್ನು ಬಿಡಬೇಡಿ. ಇಲಿ ಕಡಿದ ವೈರುಗಳನ್ನೂ ನೋಡಲು ಹೇಳಿ. ಬೆಂಗಳೂರಿನ ಅಪಾರ್ಟ್‌ಮೆಂಟ್ ನೆಲಮಾಳಿಗೆಗಳಲ್ಲಿ ನಿಲ್ಲುವ ಕಾರುಗಳಿಗೆ ಇದು ತಪ್ಪದ ಕಾಟ.

ಬಿಸಿ ಏರುವ ಎಂಜಿನ್: ಎಲ್ಲಿ, ಯಾವಾಗ ಏರುತ್ತದೆ?

ಓವರ್‌ಹೀಟ್ ಆದಾಗ "ರೇಡಿಯೇಟರ್ ಬ್ಲಾಕ್ ಆಗಿದೆ" ಎನ್ನುವ ಉತ್ತರ ಸುಲಭವಾಗಿ ಬರುತ್ತದೆ. ಒಪ್ಪುವ ಮುಂಚೆ ನೋಟ್‌ಬುಕ್ ತೆಗೆಯಿರಿ.

ಸಿಲ್ಕ್ ಬೋರ್ಡ್ ಜಂಕ್ಷನ್ನಿನಂಥ ಟ್ರಾಫಿಕ್‌ನಲ್ಲಿ ಏರಿ, ಕಾರು ಓಡತೊಡಗಿದೊಡನೆ ಇಳಿದರೆ ಗಾಳಿಯ ಕೊರತೆ. ಫ್ಯಾನ್, ಅದರ ರಿಲೇ, ಫ್ಯೂಸ್, ಟೆಂಪರೇಚರ್ ಸೆನ್ಸರ್ ನೋಡಬೇಕು. ಎಸಿ ಹಾಕಿ ಬಾನೆಟ್ ಎತ್ತಿ, ಫ್ಯಾನ್ ತಿರುಗುತ್ತದೆಯೇ ನೋಡಿ. ತಿರುಗುವ ಫ್ಯಾನೂ ಸಾಕಷ್ಟು ವೇಗದಲ್ಲಿರದೆ ಇರಬಹುದು, ಮೋಟಾರಿನ ಬ್ರಷ್ ಸವೆದಿರುತ್ತದೆ. ಊರಿನಲ್ಲಿ ಸರಿಯಿದ್ದು ಹೈವೇಯಲ್ಲಿ, ಘಾಟಿಯಲ್ಲಿ ಏರಿದರೆ ಕೂಲೆಂಟ್ ಸಾಕಷ್ಟು ಹರಿಯುತ್ತಿಲ್ಲ. ಎಂಜಿನ್ ಬಿಸಿಯಾದ ಮೇಲೆ ಕೂಲೆಂಟಿಗೆ ದಾರಿ ಬಿಡುವ ಥರ್ಮೋಸ್ಟಾಟ್ ಪೂರ್ತಿ ತೆರೆಯದಿರುವುದು, ವಾಟರ್ ಪಂಪ್ ಸೋತಿರುವುದು, ರೇಡಿಯೇಟರ್ ಒಳಗೆ ಕಟ್ಟಿಕೊಂಡಿರುವುದು, ಈ ಮೂರರಲ್ಲೊಂದು. ಬೆಳಗ್ಗೆ ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷಕ್ಕೇ ರೇಡಿಯೇಟರಿನ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾದರೆ, ಕೂಲೆಂಟ್ ಡಬ್ಬದಲ್ಲಿ ಗುಳ್ಳೆ ಏಳುತ್ತಲೇ ಇದ್ದರೆ, ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿನ ಕೆಳಗೆ ಕೂರುವ ಸೀಲ್, ಅಂದರೆ ಹೆಡ್ ಗ್ಯಾಸ್ಕೆಟ್ ಮೂಲಕ ಕೂಲೆಂಟಿಗೆ ಗ್ಯಾಸ್ ನುಗ್ಗುತ್ತಿದೆ. ಆಯಿಲ್ ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಕಾರು ಓಡಿಸಬೇಡಿ.

ಯಾರೂ ಲೆಕ್ಕಕ್ಕೇ ಇಡದ ವಸ್ತು ರೇಡಿಯೇಟರ್ ಕ್ಯಾಪ್. ಅದರ ಸ್ಪ್ರಿಂಗ್ ಸುಮಾರು ಒಂದು ಬಾರ್ ಒತ್ತಡ ಹಿಡಿದಿಡುವುದರಿಂದಲೇ ಒಳಗಿನ ದ್ರವ 100 ಡಿಗ್ರಿ ದಾಟಿದರೂ ಕುದಿಯದೆ ಉಳಿಯುತ್ತದೆ. ಸ್ಪ್ರಿಂಗ್ ಸಡಿಲವಾದರೆ, ರಬ್ಬರ್ ಸೀಲ್ ಸೀಳಿದರೆ, ಕೂಲೆಂಟ್ ಬೇಗ ಕುದಿದು ಹೊರಗೆ ಚೆಲ್ಲುತ್ತದೆ. ಸೋರಿಕೆ ಎಲ್ಲೂ ಕಾಣದೆ ಕೂಲೆಂಟ್ ಕಡಿಮೆಯಾಗುತ್ತಿರುವ ಕಾರಿಗೆ ಮೊದಲು ಅದೇ ಅಳತೆಯ ಹೊಸ ಕ್ಯಾಪ್ ಹಾಕಿ ನೋಡಿ. ಬಿಸಿ ಎಂಜಿನ್ನಿನ ಕ್ಯಾಪ್ ಎಂದೂ ತೆರೆಯಬಾರದು, ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ.

ಬೋರ್‌ವೆಲ್ ನೀರು ತುಂಬಿಸುವುದನ್ನು ಇವತ್ತೇ ನಿಲ್ಲಿಸಿ. ಕೋಲಾರ, ತುಮಕೂರು, ಬೆಂಗಳೂರಿನ ಹೊರವಲಯದ ಗಡಸು ನೀರು ಪಾತ್ರೆಗೆ ಬಿಳಿ ಪದರ ಹಿಡಿಸುವಂತೆ ರೇಡಿಯೇಟರಿನ ಸಣ್ಣ ಕೊಳವೆಗಳಿಗೂ ಹಿಡಿಸುತ್ತದೆ. ಹೊಸ ರೇಡಿಯೇಟರಿಗೂ ಅದೇ ನೀರು ಹೋದರೆ ಅದೂ ಅದೇ ದಾರಿ ಹಿಡಿಯುತ್ತದೆ. ಕೂಲೆಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧರ್ಧ, ಅಥವಾ ಬೆರೆಸಿಯೇ ಬರುವ ಕೂಲೆಂಟ್.

ಇನ್ನೊಂದು ವಿಷಯ ಒತ್ತಿ ಹೇಳಬೇಕು. "ನಮ್ಮ ಬಿಸಿಲಿಗೆ ಥರ್ಮೋಸ್ಟಾಟ್ ಬೇಡ ಸರ್, ತೆಗೆದುಬಿಡೋಣ" ಎನ್ನುವವರು ಇನ್ನೂ ಇದ್ದಾರೆ. ಒಪ್ಪಬೇಡಿ. ಥರ್ಮೋಸ್ಟಾಟ್ ಇಲ್ಲದ ಎಂಜಿನ್ ಬೇಕಾದ ಬಿಸಿಗೆ ಬೇಗ ಬರುವುದೇ ಇಲ್ಲ. ಎಂಜಿನ್ ಇನ್ನೂ ತಣ್ಣಗಿದೆ ಎಂದುಕೊಂಡ ಕಂಪ್ಯೂಟರ್ ಹೆಚ್ಚು ಇಂಧನ ಸುರಿಯುತ್ತಲೇ ಇರುತ್ತದೆ. ಮೈಲೇಜ್ ಬೀಳುತ್ತದೆ, ಸುಡದ ಪೆಟ್ರೋಲ್ ಆಯಿಲ್‌ಗೆ ಸೇರುತ್ತದೆ. ಬಿಸಿ ಏರಿಸಿದ ಮೂಲ ಕಾರಣವೂ ಮರೆಯಾಗಿ ಕೂತು, ಮುಂದಿನ ಬೇಸಿಗೆಯಲ್ಲಿ ದೊಡ್ಡ ಬಿಲ್ಲಿನೊಂದಿಗೆ ಎದ್ದು ಬರುತ್ತದೆ.

ಒಮ್ಮೆ ಜೋರಾಗಿ ಹೀಟ್ ಆದ ಎಂಜಿನ್ನಿಗೆ ಬರಿ ಹೊಸ ಗ್ಯಾಸ್ಕೆಟ್ ಹಾಕಿ ಮುಚ್ಚಿದರೆ ಅದು ಮತ್ತೆ ಸೋರುವ ಸಂಭವ ಹೆಚ್ಚು. ಅಲ್ಯೂಮಿನಿಯಂ ಹೆಡ್ ಬಿಸಿಗೆ ಬಾಗಿರುತ್ತದೆ. ಹೆಡ್ಡನ್ನು ಲೇತ್ ಅಂಗಡಿಗೆ ಕಳಿಸಿ, ಮಟ್ಟ ನೋಡಿಸಿ, ಬೇಕಿದ್ದರೆ ಅದರ ಮೈ ಸಮತಟ್ಟಾಗುವಂತೆ ಫೇಸಿಂಗ್ ಮಾಡಿಸಿ, ಬಿರುಕಿಗೆ ಪ್ರೆಶರ್ ಟೆಸ್ಟ್ ಮಾಡಿಸಿಯೇ ಕೂರಿಸಬೇಕು.

ಘಾಟಿಯಲ್ಲಿ ಮುಳ್ಳು ಏರತೊಡಗಿದರೆ ಎಸಿ ಆಫ್ ಮಾಡಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ ಬ್ಲೋವರ್ ಜೋರಾಗಿ ಬಿಡಿ. ಒಳಗಿದ್ದವರಿಗೆ ಸೆಕೆ ಆಗುತ್ತದೆ, ಆದರೆ ಎಂಜಿನ್ನಿನ ಬಿಸಿ ಒಂದಿಷ್ಟು ಆ ದಾರಿಯಲ್ಲಿ ಹೊರಬರುತ್ತದೆ. ತಿರುವಿಲ್ಲದ, ಅಗಲವಾದ ಜಾಗ ನೋಡಿ ನಿಲ್ಲಿಸಿ. ಹಬೆ ಬರುತ್ತಿದ್ದರೆ ತಕ್ಷಣ ಎಂಜಿನ್ ಆಫ್ ಮಾಡಿ, ಮುಕ್ಕಾಲು ಗಂಟೆಯಾದರೂ ಕಾಯಿರಿ.

ಮಿಸ್ಸಿಂಗ್ ಮತ್ತು ದಾರಿಯಲ್ಲಿ ಆಫ್ ಆಗುವುದು: ಸ್ಕ್ಯಾನರ್ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಸ್ಟೇರಿಂಗ್ ಕೆಳಗಿನ ಓಬಿಡಿ ಸಾಕೆಟ್ಟಿಗೆ ಚುಚ್ಚುವ ಬ್ಲೂಟೂತ್ ಅಡಾಪ್ಟರ್ ಈಗ ಆನ್‌ಲೈನ್‌ನಲ್ಲಿ ಅಗ್ಗ, ಬಹಳಷ್ಟು ಕಾರುಗಳಲ್ಲಿ ಎಂಜಿನ್ ಕಂಪ್ಯೂಟರ್ ದಾಖಲಿಸಿದ ದೋಷದ ಕೋಡನ್ನು ಫೋನಿನ ಆ್ಯಪ್‌ನಲ್ಲೇ ಓದಬಹುದು. ಚೆಕ್ ಎಂಜಿನ್ ದೀಪ ಹತ್ತಿದಾಗ ಕೋಡ್ ಅಳಿಸುವ ಮುಂಚೆ ಫೋಟೊ ತೆಗೆಯಿರಿ. ಗ್ಯಾರೇಜಿನಲ್ಲಿ ದೀಪ ಆರಿಸಿ ಕಳಿಸಿದರೆ ತೊಂದರೆ ಆರಿದೆ ಎಂದಲ್ಲ.

ಕೋಡ್ ತೋರಿಸುವುದು ಯಾವ ಓಣಿಯಲ್ಲಿ ಗಲಾಟೆ ಎಂದು. ಮನೆ ನಂಬರ್ ನಾವೇ ಹುಡುಕಬೇಕು. ಪಿ0171 ಎಂದರೆ ಪೆಟ್ರೋಲಿಗೆ ಬೆರೆಯಬೇಕಾದದ್ದಕ್ಕಿಂತ ಗಾಳಿ ಹೆಚ್ಚಾಗಿದೆ. ಇದನ್ನು ನೋಡಿ ಆಕ್ಸಿಜನ್ ಸೆನ್ಸರ್ ಬದಲಿಸಿದವರು ಬಹಳ. ಆದರೆ ಆ ಸೆನ್ಸರ್ ನಿಜವನ್ನೇ ಹೇಳುತ್ತಿರಬಹುದು. ಏರ್ ಫಿಲ್ಟರ್‌ನಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಹೋಸ್ ಮಡಿಕೆಯಲ್ಲಿ ಸೀಳಿರಬಹುದು, ಒಂದು ವ್ಯಾಕ್ಯೂಮ್ ಪೈಪ್ ಕಳಚಿರಬಹುದು, ಪೆಟ್ರೋಲ್ ಪಂಪಿನ ಒತ್ತಡ ಇಳಿದಿರಬಹುದು.

ಪಿ0301 ಎಂದರೆ ಒಂದನೇ ಸಿಲಿಂಡರ್ ಮಿಸ್ ಆಗುತ್ತಿದೆ. ಪ್ರತಿ ಪ್ಲಗ್ಗಿಗೂ ಬೇರೆ ಬೇರೆ ಕಾಯಿಲ್ ಇರುವ ಎಂಜಿನ್ ಆದರೆ ಒಂದನೇ ಕಾಯಿಲನ್ನು ಎರಡನೆಯದಕ್ಕೆ ಹಾಕಿ, ಅಲ್ಲಿಯದನ್ನು ಇಲ್ಲಿಗೆ ತನ್ನಿ. ಕೋಡ್ ಪಿ0302 ಆಗಿ ಬದಲಾದರೆ ಕಾಯಿಲೇ ತಪ್ಪಿತಸ್ಥ. ಬದಲಾಗದಿದ್ದರೆ ಪ್ಲಗ್, ಇಂಜೆಕ್ಟರ್, ಕಂಪ್ರೆಷನ್ ಕಡೆ ಹೋಗಿ. ದುಡ್ಡು ಖರ್ಚಿಲ್ಲದ ಈ ಪರೀಕ್ಷೆಯನ್ನು ಮಾಡದೆ ಯಾರೂ ನಿಮಗೆ ಕಾಯಿಲ್ ಮಾರಬಾರದು.

ಕಾಯಿಲ್ ಕಿತ್ತಾಗ ಪ್ಲಗ್ ಕೂರುವ ಗುಂಡಿಯಲ್ಲಿ ಆಯಿಲ್ ನಿಂತಿದ್ದರೆ ಎಂಜಿನ್ನಿನ ಮೇಲಿನ ಮುಚ್ಚಳದ ಸೀಲ್, ಅಂದರೆ ಟ್ಯಾಪೆಟ್ ಕವರ್ ಪ್ಯಾಕಿಂಗ್ ಹೋಗಿದೆ. ಪ್ಯಾಕಿಂಗ್ ಹೊಸದು ಹಾಕಿ ಆರೇ ತಿಂಗಳಿಗೆ ಮತ್ತೆ ಸೋರಿದರೆ ಪಿಸಿವಿ ವಾಲ್ವ್ ನೋಡಿಸಿ. ಎಂಜಿನ್ ಒಳಗಿನ ಗ್ಯಾಸನ್ನು ಹೊರಗೆ ಬಿಡುವ ಈ ಚಿಕ್ಕ ವಾಲ್ವ್ ಮಸಿಯಿಂದ ಕಟ್ಟಿಕೊಂಡರೆ ಒಳಗೆ ಒತ್ತಡ ಹೆಚ್ಚಿ, ಆಯಿಲ್ ದುರ್ಬಲವಾದ ಕಡೆಯಿಂದ ದಾರಿ ಮಾಡಿಕೊಳ್ಳುತ್ತದೆ. ಕಡಿಮೆ ಬೆಲೆಯ ಈ ವಾಲ್ವನ್ನು ಬಿಟ್ಟು ಪ್ಯಾಕಿಂಗ್, ಸೀಲ್ ಎಂದು ಸಾವಿರಗಟ್ಟಲೆ ಸುರಿದವರಿದ್ದಾರೆ.

ಬಿಸಿಯಾದ ಮೇಲೆ ಓಡುತ್ತಿದ್ದಂತೆಯೇ ಆಫ್ ಆಗಿ, ಅರ್ಧ ಗಂಟೆ ನಿಂತ ಮೇಲೆ ಏನೂ ಆಗದಂತೆ ಸ್ಟಾರ್ಟ್ ಆಗುವ ಕಾರು ಮಾಲೀಕರನ್ನು ಬಹಳ ಕಾಡುತ್ತದೆ, ಗ್ಯಾರೇಜಿಗೆ ಹೋಗುವಷ್ಟರಲ್ಲಿ ಸರಿಯಾಗಿರುತ್ತದೆ. ಮೊದಲ ಅನುಮಾನ ಎಂಜಿನ್ ತಿರುಗುವುದನ್ನು ಕಂಪ್ಯೂಟರಿಗೆ ತಿಳಿಸುವ ಕ್ರ್ಯಾಂಕ್ ಸೆನ್ಸರ್. ಆಫ್ ಆದ ಆ ಹೊತ್ತಿನಲ್ಲೇ ಅಡಾಪ್ಟರ್ ಚುಚ್ಚಿ ಸೆಲ್ಫ್ ಹೊಡೆಯುತ್ತ ಆರ್‌ಪಿಎಂ ನೋಡಿ. ಎಂಜಿನ್ ತಿರುಗುತ್ತಿದ್ದರೂ ಆ್ಯಪ್ ಸೊನ್ನೆ ತೋರಿಸಿದರೆ ಸೆನ್ಸರ್ ಅಥವಾ ಅದರ ವೈರು. ಆರ್‌ಪಿಎಂ ಬರುತ್ತಿದ್ದರೆ ಪೆಟ್ರೋಲ್ ಪಂಪ್ ಮತ್ತು ಅದರ ರಿಲೇ ಕಡೆ ತಿರುಗಿ.

ಡೀಸೆಲ್ ಕಾರಿನವರಿಗೆ: ಪಿಕಪ್ ಹೋಗಿ ಕಪ್ಪು ಹೊಗೆ ಬಂದರೆ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊ ಬದಲಿಸುವ ಮಾತಿಗೆ ಮುಂಚೆ, ಟರ್ಬೊದಿಂದ ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ಗೆ ಹೋಗುವ ಹೋಸ್‌ಗಳಲ್ಲಿ ಸೀಳು ಇದೆಯೇ, ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಬಿಡುವ ಇಜಿಆರ್ ವಾಲ್ವ್ ಮಸಿ ಕಟ್ಟಿ ತೆರೆದೇ ಉಳಿದಿದೆಯೇ ನೋಡಿಸಿ.

ಪೆಟ್ರೋಲ್ ಕಾರಿನವರಿಗೆ: ಬಂಕ್‌ಗಳಲ್ಲಿ ಈಗ ಸಿಗುವುದು ಶೇ 20ರಷ್ಟು ಎಥನಾಲ್ ಬೆರೆಸಿದ ಇಂಧನ. ಹಳೆ ಕಾರುಗಳ ರಬ್ಬರ್ ಹೋಸ್, ಸೀಲ್‌ಗಳು ಇದನ್ನು ಉದ್ದೇಶಿಸಿ ಮಾಡಿದವಲ್ಲ. ಸರ್ವಿಸ್ ಮಾಡಿಸುವಾಗಲೆಲ್ಲ ಇಂಧನದ ಹೋಸ್‌ಗಳನ್ನು ಬಗ್ಗಿಸಿ ನೋಡಿಸಿ. ಎಥನಾಲ್ ತೇವ ಎಳೆದುಕೊಳ್ಳುವುದರಿಂದ ಅರ್ಧ ಖಾಲಿ ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಕಾರು ನಿಲ್ಲಿಸಬೇಡಿ. ಕಾರಿನೊಳಗೆ ಪೆಟ್ರೋಲ್ ವಾಸನೆ ಬಂದರೆ ಅವತ್ತೇ ತೋರಿಸಿ.

ಎಸಿ, ಸಸ್ಪೆನ್ಷನ್, ಕಾಲಡಿಯ ನೀರು

ಎಸಿ ಗ್ಯಾಸ್ ಖರ್ಚಾಗುವ ವಸ್ತುವಲ್ಲ. ಪ್ರತಿವರ್ಷ ಕಡಿಮೆಯಾಗುತ್ತಿದ್ದರೆ ಸೋರುತ್ತಿದೆ. ನೈಟ್ರೋಜನ್ ತುಂಬಿ ಒತ್ತಡ ಪರೀಕ್ಷೆ ಮಾಡುವವರಲ್ಲಿಗೇ ಹೋಗಿ. ಸಿಗ್ನಲ್‌ನಲ್ಲಿ ಬೆಚ್ಚಗೆ, ಓಡುವಾಗ ತಂಪು ಎಂದಾದರೆ ಗ್ಯಾಸ್ ತುಂಬಿಸುವ ಮೊದಲು ಫ್ಯಾನ್ ನೋಡಿಸಿ.

ಹಂಪ್ ದಾಟುವಾಗ ಬರುವ "ಕಟ ಕಟ" ಸದ್ದಿಗೆ ಬಹಳ ಸಲ ಸಸ್ಪೆನ್ಷನ್ನಿನ ಲಿಂಕ್ ರಾಡ್ ಅಥವಾ ಲೋಯರ್ ಆರ್ಮ್‌ನ ರಬ್ಬರ್ ಬುಷ್ ಕಾರಣ. ಎಡ ಬಲ ಎರಡನ್ನೂ ಒಟ್ಟಿಗೆ ಬದಲಿಸಿ ಅಲೈನ್‌ಮೆಂಟ್ ಮಾಡಿಸಿ. ಅಲೈನ್‌ಮೆಂಟ್ ಪದೇ ಪದೇ ತಪ್ಪುತ್ತಿದ್ದರೆ, ಟೈರಿನ ಒಂದೇ ಅಂಚು ಸವೆಯುತ್ತಿದ್ದರೆ, ಬುಷ್ ಸಡಿಲವಿದೆ ಅಥವಾ ಏನೋ ಬಾಗಿದೆ.

ಮುಂದಿನ ಸೀಟಿನ ಕಾಲಡಿ ಒದ್ದೆಯಾದರೆ ಮುಟ್ಟಿ, ಮೂಸಿ ನೋಡಿ. ಬರಿ ನೀರು ಎಸಿ ಹಾಕಿದಾಗ ಮಾತ್ರ ಬಂದರೆ ಎಸಿ ಡ್ರೈನ್ ಪೈಪ್ ಕಟ್ಟಿದೆ. ಮಳೆ ಬಂದಾಗ ಬಂದರೆ ವೈಪರ್ ಕೆಳಗಿನ ತಟ್ಟೆಯಲ್ಲಿ ಎಲೆ, ಹೂವು ತುಂಬಿ ನೀರು ಒಳಗೆ ನುಗ್ಗುತ್ತಿದೆ. ಅಂಟಂಟಾಗಿ ಸಿಹಿ ವಾಸನೆ ಇದ್ದರೆ ಹೀಟರ್ ಕಡೆಯ ಕೂಲೆಂಟ್. ಮಂಗಳೂರು, ಉಡುಪಿ, ಕಾರವಾರದ ಕಡೆಯಿಂದ ಬಂದ ಕಾರಾದರೆ ಬಾಗಿಲ ಕೆಳಗಿನ ಡ್ರೈನ್ ತೂತುಗಳನ್ನು ಕಡ್ಡಿಯಿಂದ ಬಿಡಿಸಿ, ಮ್ಯಾಟ್ ಎತ್ತಿ ತಗಡು ನೋಡಿ. ಉಪ್ಪುಗಾಳಿಯ ತುಕ್ಕು ಮೇಲೆ ಕಾಣುವಷ್ಟರಲ್ಲಿ ಕೆಳಗೆ ಬಹಳ ತಿಂದಿರುತ್ತದೆ.

ಗ್ಯಾರೇಜಿನಲ್ಲಿ ಮಾತಾಡುವುದು

"ಪಂಪ್ ಹೋಗಿದೆ, ಬದಲಿಸಿ" ಎಂದರೆ ಮೆಕ್ಯಾನಿಕ್ ಪಂಪ್ ಬದಲಿಸುತ್ತಾರೆ. ತೊಂದರೆ ಉಳಿದರೆ ಕೇಳುವ ಹಕ್ಕು ನಿಮಗಿಲ್ಲ. "ಇಪ್ಪತ್ತು ಕಿಲೋಮೀಟರ್ ಓಡಿದ ಮೇಲೆ, ಏರಿನಲ್ಲಿ, ಪೆಟ್ರೋಲ್ ಕಡಿಮೆ ಇದ್ದಾಗ ಹೀಗಾಗುತ್ತೆ" ಎಂದು ಲಕ್ಷಣ ಹೇಳಿ. ಸಾಧ್ಯವಾದರೆ ಅವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೋಗಿ. ಆಮೇಲೆ ಒಂದು ಪ್ರಶ್ನೆ ಗೌರವದಿಂದ ಕೇಳಿ: "ಅಣ್ಣಾ, ಇದೇ ಹೋಗಿರೋದು ಅಂತ ಹೇಗೆ ಗೊತ್ತಾಯ್ತು?" ಬಲ್ಲವರು ಖುಷಿಯಿಂದ ತೋರಿಸುತ್ತಾರೆ. "ಹಾಕಿ ನೋಡೋಣ" ಎಂಬ ಉತ್ತರ ಬಂದರೆ ಆ ನೋಡುವ ಖರ್ಚು ಯಾರದು ಎಂದು ಮೊದಲೇ ಮಾತಾಡಿಕೊಳ್ಳಿ. ಒಂದು ಸಲಕ್ಕೆ ಒಂದೇ ಭಾಗ ಬದಲಿಸಲಿ, ಬಿಚ್ಚಿದ ಹಳೆಯದನ್ನು ವಾಪಸ್ ಪಡೆಯಿರಿ. ಮೂರು ಭಾಗ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಯಾಯಿತು ಎಂದು ಯಾರಿಗೂ ತಿಳಿಯದು.

ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಎರಡು ಮೂರು ಅಂಗಡಿ ವಿಚಾರಿಸಿ, ಪಾರ್ಟ್ ನಂಬರ್ ಹಿಡಿದೇ ಹೋಗಿ. ಗುಜರಿಯಿಂದ ತಂದ ಬಾಗಿಲು, ಕನ್ನಡಿ, ಲೈಟಿನ ಬಗ್ಗೆ ನನ್ನ ತಕರಾರಿಲ್ಲ. ಬ್ರೇಕ್, ಸ್ಟೇರಿಂಗ್, ಸೆನ್ಸರ್‌ಗಳಿಗೆ ಮಾತ್ರ ಹಳೆ ಸಾಮಾನು ಹಾಕಿಸಬೇಡಿ.

ಎಲ್ಲಿಯವರೆಗೆ ಖರ್ಚು ಮಾಡುವುದು

ದುಡ್ಡು ಸಾಲದಾಗ ಸರದಿ ಹೀಗಿರಲಿ: ಬ್ರೇಕ್, ಸ್ಟೇರಿಂಗ್, ಟೈರ್, ಇಂಧನ ಸೋರಿಕೆ ಮೊದಲು. ಆಮೇಲೆ ಬಿಸಿ ಏರುವುದು, ಅದು ಎಂಜಿನ್ನನ್ನೇ ಕೊಲ್ಲುತ್ತದೆ. ಮೂರನೆಯದು ದಾರಿಯಲ್ಲಿ ನಿಲ್ಲಿಸುವ ತೊಂದರೆಗಳು. ಸದ್ದು, ಎಸಿ, ಪೇಂಟ್ ಕೊನೆಗೆ. ಸಸ್ಪೆನ್ಷನ್ ಕೂರುವ ಜಾಗದ ತಗಡೇ ತುಕ್ಕು ತಿಂದಿದ್ದರೆ, ಸರಿಯಾಗಿ ಫೇಸಿಂಗ್ ಮಾಡಿಸಿದ ಮೇಲೂ ಹೆಡ್ ಮತ್ತೆ ಸೋರಿದರೆ, ನಿಲ್ಲಿಸುವುದು ಒಳ್ಳೆಯದು.

ಇಟ್ಟುಕೊಳ್ಳುವ ಮನಸ್ಸಿದ್ದರೆ ಆರ್‌ಸಿ ಅವಧಿಯನ್ನೂ ನೋಡಿಕೊಳ್ಳಿ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ. ಆಮೇಲೆ ಫಾರ್ಮ್ 25ರಲ್ಲಿ ಅರ್ಜಿ ಹಾಕಿ, ತಪಾಸಣೆ ಮಾಡಿಸಿ, ಹಸಿರು ತೆರಿಗೆ ಕಟ್ಟಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಅವಧಿ ಮುಗಿಯುವ 60 ದಿನ ಮುಂಚಿನಿಂದ ಅರ್ಜಿ ಹಾಕಬಹುದು. ದೊಡ್ಡ ರಿಪೇರಿ ಮಾಡಿಸುವುದಿದ್ದರೆ ಈ ತಪಾಸಣೆಗೆ ತುಸು ಮುಂಚೆ ಮಾಡಿಸಿ. ಲೈಟು, ಹ್ಯಾಂಡ್ ಬ್ರೇಕ್, ಹೊಗೆ, ಇನ್ಶೂರೆನ್ಸ್ ಎಲ್ಲವನ್ನೂ ಆ ಒಂದೇ ಓಡಾಟದಲ್ಲಿ ಮುಗಿಸಬಹುದು.